ಚುಕ್ಕಿಮನೆಯ ಗಡಿಯಾರ

ಪೆಟ್ಟಿಗೆ ಇದ್ದ ಜಾಗದಲ್ಲೇ ಇತ್ತು. ಒಳಗಿನ ಗಡಿಯಾರ ಇರಲಿಲ್ಲ.

ಪಿಯೂಸ್ ಲಾಟೀನನ್ನು ಪೆಟ್ಟಿಗೆಯ ಬಾಯಿಗೆ ಹಿಡಿದು ಮತ್ತೊಮ್ಮೆ ನೋಡಿದ. ಮಖಮಲ್ಲಿನ ಹಾಸು ಖಾಲಿ. ಮೂಲೆಯಲ್ಲಿ ಗಡಿಯಾರಕ್ಕೆ ಕೀಲಿ ಕೊಡುವ ಹಿತ್ತಾಳೆ ಚಾವಿ ಮಾತ್ರ ಹೊಳೆಯುತ್ತಿತ್ತು. ಅವನು ಮೆಟ್ಟಿಲ ಬುಡಕ್ಕೆ ಓಡಿ ಬಂದು ಮೇಲಿದ್ದ ಪ್ರೊಫೆಸರನ್ನು ಕೂಗಿದ.

“ಸರ್, ಗಡಿಯಾರ ಹೋಗಿದೆ.”

“ನಿಂತುಹೋಗಿದೆಯಾ?”

“ಇಲ್ಲ ಸರ್. ಗಡಿಯಾರವೇ ಹೋಗಿದೆ.”

1894ರ ಜನವರಿ ಕೊನೆಯ ಶನಿವಾರದ ಸಂಜೆ ಅದು. ಜಾಗ, ಮಗ್ಗೆಯಿಂದ ಕೆ. ಹೊಸಕೋಟೆಗೆ ಹೋಗುವ ದಾರಿಯ ಬೋಳುಗುಡ್ಡ. ಅದರ ನೆತ್ತಿಯ ಮೇಲೆ ಕರಾವಳಿಯ ಕಾಲೇಜೊಂದರ ನಕ್ಷತ್ರ ವೀಕ್ಷಣಾಲಯವಿತ್ತು. ಕಲ್ಲಿನ ದುಂಡು ಗೋಡೆ, ಮೇಲೆ ತಿರುಗುವ ತಗಡಿನ ಗುಮ್ಮಟ, ಒಳಗೆ ವಿಲಾಯಿತಿಯ ದೊಡ್ಡ ದೂರದರ್ಶಕ. ವಿಶ್ವವಿದ್ಯಾಲಯದ ಖಗೋಳ ಪರೀಕ್ಷೆಗೆ ಕೂರುವ ವಿದ್ಯಾರ್ಥಿಗಳು ಘಟ್ಟ ಹತ್ತಿ ಬಂದು ಇಲ್ಲಿ ಕಲಿಯುತ್ತಿದ್ದರು. ಸುತ್ತಿನ ಜನ ಅದನ್ನು ಚುಕ್ಕಿಮನೆ ಎನ್ನುತ್ತಿದ್ದರು.

ಗುಡ್ಡವನ್ನು ಕಾಲೇಜಿಗೆ ದಾನ ಕೊಟ್ಟವರು ಕಾಫಿ ಬೆಳೆಗಾರ ಸಿಪ್ರಿಯನ್ ಸಲ್ಡಾನ್ಹ. ಮಂಗಳೂರು ಕಡೆಯಿಂದ ಬಂದು ಇಲ್ಲಿ ತೋಟ ಮಾಡಿದವರು. ಶನಿವಾರ ಸಂಜೆ ಬಾಗಿಲು ಎಲ್ಲರಿಗೂ ತೆರೆದಿರಬೇಕು, ಕೂಲಿಯವನಿಗೂ ದೊರೆಗೂ ಒಂದೇ ಸಾಲು ಎಂದು ಷರತ್ತು ಹಾಕಿದ್ದರು. ಅವರು ತೀರಿಕೊಂಡ ಮೇಲೂ ಅದು ತಪ್ಪಿರಲಿಲ್ಲ. ಶನಿವಾರ ಬಂತೆಂದರೆ ಲೈನಿನ, ಅಂದರೆ ಎಸ್ಟೇಟಿನ ಸಾಲುಮನೆಗಳ, ಕೂಲಿಗಳು, ಲೆಕ್ಕ ಬರೆಯುವ ರೈಟರುಗಳು, ಹಳ್ಳಿಯ ರೈತರು, ಮದುವೆಯಾದ ಹೊಸ ಜೋಡಿಗಳು ಗುಡ್ಡ ಹತ್ತುತ್ತಿದ್ದರು.

ಕಳುವಾದದ್ದು ಹಡಗಿನವರು ಬಳಸುವ ಕ್ರೊನೊಮೀಟರ್. ಬೊಗಸೆಯಗಲದ ಹಿತ್ತಾಳೆ ಬಟ್ಟಲಿನಂಥ ಗಡಿಯಾರ. ಯಾವ ನಕ್ಷತ್ರ ಯಾವ ಕ್ಷಣದಲ್ಲಿ ಎಲ್ಲಿತ್ತೆಂದು ಬರೆಯಲು ಅದೇ ಆಧಾರ. ಅದಿಲ್ಲದೆ ದೂರದರ್ಶಕ ಇದ್ದೂ ಇಲ್ಲದ ಹಾಗೆ. ಆದರೆ ಪ್ರೊಫೆಸರ್ ಅಣ್ಣಾಜಿರಾಯರು ಮೆಟ್ಟಿಲ ಮೇಲೇ ಕುಸಿದು ಕೂತದ್ದು ಬೇರೆ ಕಾರಣಕ್ಕೆ. ಬರುವ ವಾರವೇ ಕಾಲೇಜಿನ ಪ್ರಿನ್ಸಿಪಾಲರು ತನಿಖೆಗೆ ಬರುವವರಿದ್ದರು. ಸಿಕ್ಕವರನ್ನೆಲ್ಲ ಒಳಗೆ ಬಿಡುವುದು ಅವರಿಗೆ ಮೊದಲಿನಿಂದಲೂ ಹಿಡಿಸುತ್ತಿರಲಿಲ್ಲ. ಒಂದು ಗುಂಡುಸೂಜಿ ಕಳೆದರೂ ಜನಕ್ಕೆ ಬಾಗಿಲು ಬಂದ್ ಎಂದು ಹೋದ ಸಲವೇ ಹೇಳಿ ಹೋಗಿದ್ದರು.

* * *

ಭಾನುವಾರ ಬೆಳಗಿನ ಮಂಜು ಹರಿಯುವ ಹೊತ್ತಿಗೆ ಸಕಲೇಶಪುರ ಠಾಣೆಯ ಜಮಾದಾರ್ ಜವರಯ್ಯ ಗುಡ್ಡ ಹತ್ತುತ್ತಿದ್ದ. ದಪ್ಪ ಮೀಸೆ, ಅದಕ್ಕಿಂತ ದಪ್ಪ ಹೊಟ್ಟೆ. ಬಲಗಾಲಿನ ಮಂಡಿ ಏರು ಕಂಡರೆ ತಕರಾರು ಮಾಡುತ್ತಿತ್ತು. ಆದರೆ ಮನುಷ್ಯ ಸಿಡುಕನಲ್ಲ. ಏದುಸಿರಿನ ನಡುವೆಯೇ ಏನೋ ಒಂದು ಪದ ಗುನುಗುತ್ತ ಬರುತ್ತಿದ್ದ.

ಚುಕ್ಕಿಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಸೆರಗು ಬಿಗಿದುಕೊಂಡು, ಮುಖ ಕೆಂಪಗೆ ಮಾಡಿಕೊಂಡು. ಹೆಸರು ಮಾದೇವಮ್ಮ. ಪಕ್ಕದ ತೋಟಪ್ಪನ ಎಸ್ಟೇಟಿನಲ್ಲಿ ಕಾಫಿ ಹಣ್ಣು ಬಿಡಿಸುವ ಹೆಂಗಸರಿಗೆ ಮೇಸ್ತ್ರಿ. ಬೆಳಕು ಹರಿಯುತ್ತಲೇ ತೋಟಪ್ಪನ ರೈಟರ್ ಬಂದು ಲೈನಿನ ಅವಳ ಮನೆಯನ್ನು ಜಾಲಾಡಿದ್ದ. ಹಿಂದಿನ ಸಂಜೆ ಸಾಲಿನಲ್ಲಿ ನಿಂತಾಗ ಅವಳ ಸೆರಗಿನಡಿ ಗಂಟೊಂದು ಇತ್ತೆಂದು ಯಾರೋ ಹೇಳಿದ್ದರಂತೆ. ಮಡಕೆ, ಕಂಬಳಿ ಎಲ್ಲ ಅಂಗಳಕ್ಕೆ ಬಿದ್ದಿದ್ದವು. ಏನೂ ಸಿಕ್ಕಿರಲಿಲ್ಲ. ಆದರೂ ಲೈನಿನ ಜನ ಅವಳನ್ನು ನೋಡುವ ನೋಟ ಬದಲಾಗಿತ್ತು. ಅದನ್ನು ಹೇಳಲೆಂದೇ ಅವಳು ಪೊಲೀಸರಿಗಿಂತ ಮುಂಚೆ ಬಂದು ಕೂತಿದ್ದಳು.

“ಗಂಟಿನಾಗೆ ಏನಿತ್ತವ್ವ?” ಎಂದು ಜವರಯ್ಯ ಕೇಳಿದ.

“ಬೇಯಿಸಿದ ಅವರೆಕಾಯಿ ಸ್ವಾಮಿ. ಸಾಲು ಉದ್ದ. ಹಸಿವಾಗಾಕಿಲ್ವಾ? ಸಿಪ್ಪೆ ಒಳಗೇ ಬಿದ್ದೈತೆ, ನೋಡ್ಕಳಿ.”

ಹಜಾರದ ಮೂಲೆಯಲ್ಲಿ ಸಿಪ್ಪೆ ಬಿದ್ದಿತ್ತು. ಜವರಯ್ಯ ನಕ್ಕ. ಮೇಲೆ ಏನು ಕಂಡೆ ಎಂದು ಸುಮ್ಮನೆ ಮಾತಿಗೆ ಕೇಳಿದ.

ಅವಳ ಮುಖ ಸಡಿಲವಾಯಿತು. “ಸುಕ್ರ ಅಂದ್ರು. ನಾನು ಚುಕ್ಕಿ ಇರ್ತದೆ ಅನ್ಕಂಡೆ. ಚುಕ್ಕಿ ಅಲ್ಲ ಸ್ವಾಮಿ. ಎಳೆ ಚಂದ್ರಾಮ. ಹುಟ್ಟಿದ ಮಗೀನ ಉಗುರು ಇರ್ತದಲ್ಲ, ಅಷ್ಟು ತೆಳ್ಳಗೆ.”

ಪಾಪ, ಇವಳಿಗೆ ಶುಕ್ರನ ಬದಲು ಚಂದ್ರ ಕಂಡಿದ್ದಾನೆ ಎಂದುಕೊಂಡ ಜವರಯ್ಯ. ಅವಳು ಇನ್ನೊಂದು ಮಾತು ಹೇಳಿದಳು. ತನ್ನ ಮನೆ ಜಾಲಾಡಿಸಿದ ತೋಟಪ್ಪ ಸಾವ್ಕಾರರು ತಾವೇ ಎರಡು ಸಲ ಮುಂಬಾಗಿಲಿನಿಂದ ಒಳಗೆ ಬಂದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅದು ಯಾಕೆಂದು ಅವರನ್ನೂ ಕೇಳಬೇಕು.

ಕೇಳುತ್ತೇನೆಂದು ಜವರಯ್ಯ ಮಾತು ಕೊಟ್ಟ. ಅವಳ ಮನೆಗೆ ಇನ್ನು ಯಾರೂ ಕಾಲಿಡುವುದಿಲ್ಲವೆಂದೂ ಹೇಳಿದ.

* * *

ಪ್ರೊಫೆಸರ್ ಅಣ್ಣಾಜಿರಾಯರು ಜಾಗ ತೋರಿಸಿದರು. ಮುಂಬಾಗಿಲು ದಾಟಿದರೆ ಹಜಾರ. ಕಣ್ಣು ಕತ್ತಲಿಗೆ ಒಗ್ಗಲೆಂದು ಸಂಜೆ ಅಲ್ಲಿ ಒಂದೇ ಒಂದು ಮಂಕುದೀಪ. ಜನ ಅಲ್ಲಿ ಸಾಲು ನಿಲ್ಲುತ್ತಾರೆ. ಸಾಲಿನ ಪಕ್ಕದಲ್ಲೇ ಗಡಿಯಾರದ ಕೋಣೆ. ಚಿಲಕವಿದೆ, ಬೀಗವಿಲ್ಲ. ಸಾಲು ಸುತ್ತುಮೆಟ್ಟಿಲು ಹತ್ತಿ ಗುಮ್ಮಟಕ್ಕೆ ಹೋಗುತ್ತದೆ. ಅಲ್ಲಿ ಒಬ್ಬೊಬ್ಬರೇ ದೂರದರ್ಶಕಕ್ಕೆ ಕಣ್ಣಿಟ್ಟು ನೋಡಿ, ಇನ್ನೊಂದು ಮೆಟ್ಟಿಲಿಳಿದು ಹಿತ್ತಲ ಅಂಗಳಕ್ಕೆ ಹೋಗುತ್ತಾರೆ. ಹತ್ತಿದ ಮೆಟ್ಟಿಲಲ್ಲಿ ಯಾರೂ ಇಳಿಯುವಂತಿಲ್ಲ.

ಜನ ಬರುವ ಮುಂಚೆ ಗಡಿಯಾರಕ್ಕೆ ಕೀಲಿ ಕೊಟ್ಟು ಬಂದಿದ್ದಾಗಿ ಪಿಯೂಸ್ ಹೇಳಿದ. ಅವನು ಕಾಲೇಜಿನ ಸಹಾಯಕ, ಕರಾವಳಿಯ ತರುಣ. ಆಮೇಲೆ ಅವನು ಗುಮ್ಮಟ ತಿರುಗಿಸುವ ಹಗ್ಗ ಬಿಟ್ಟು ಕದಲಿರಲಿಲ್ಲ, ರಾಯರು ದೂರದರ್ಶಕ ಬಿಟ್ಟು ಕದಲಿರಲಿಲ್ಲ. ಕೊನೆಯವರು ಇಳಿದುಹೋದ ಮೇಲೆಯೇ ಇಬ್ಬರೂ ಸರಿದಾಡಿದ್ದು. ಕತ್ತಲಲ್ಲಿ ಬಂದವರ ಮುಖ ಕಂಡಿರಲಿಲ್ಲ. ಏನು ಕಾಣುತ್ತದೆಂದು ರಾಯರು ಯಾರಿಗೂ ಮೊದಲೇ ಹೇಳುತ್ತಿರಲಿಲ್ಲ. ಹೇಳಿದರೆ ಜನ ಹೇಳಿದ್ದನ್ನೇ ಕಾಣುತ್ತಾರೆ ಎಂಬುದು ಅವರ ನಂಬಿಕೆ.

“ಗಡಿಯಾರ ಸದ್ದು ಮಾಡ್ತದಾ?” ಎಂದ ಜವರಯ್ಯ.

ಪಿಯೂಸ್ ಆ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದ. ಮನೆ ಗಡಿಯಾರಕ್ಕಿಂತ ಚುರುಕು. ಬಟ್ಟೆ ಸುತ್ತಿದರೂ ಹತ್ತಿರದವರಿಗೆ ಕೇಳುತ್ತದೆ. ಗುಮ್ಮಟದ ಮೌನದಲ್ಲಂತೂ ಅಡಗುವುದೇ ಇಲ್ಲ. ಸೋಮವಾರ ರಾತ್ರಿಯೊಳಗೆ ಮತ್ತೆ ಕೀಲಿ ಕೊಡದಿದ್ದರೆ ನಿಂತುಬಿಡುತ್ತದೆ, ತಿಂಗಳುಗಳಿಂದ ನಡೆದು ಬಂದ ಲೆಕ್ಕದ ಎಳೆ ಕಡಿದುಹೋಗುತ್ತದೆ ಎಂದ.

ಜವರಯ್ಯ ಪೆಟ್ಟಿಗೆಯಿಂದ ಚಾವಿಯನ್ನೆತ್ತಿ ಅಂಗೈಯಲ್ಲಿಟ್ಟುಕೊಂಡ. ಕದ್ದವನಿಗೆ ಗಡಿಯಾರ ನಡೆಸುವ ಆಸೆ ಇರಲಿಲ್ಲ. ಮಾರುವ ಆಸೆಯೂ ಇದ್ದಂತಿಲ್ಲ. ಚಾವಿ ಇಲ್ಲದ ಗಡಿಯಾರವನ್ನು ಯಾರು ಕೊಳ್ಳುತ್ತಾರೆ? ಗಡಿಯಾರ ಇಲ್ಲಿಂದ ಹೋದರೆ ಸಾಕಾಗಿತ್ತು ಅವನಿಗೆ.

ಗಡಿಯಾರ ಹೋದರೆ ಏನಾಗುತ್ತದೆ ಎಂದು ಅವನು ಕೇಳಿದ. ರಾಯರು ಪ್ರಿನ್ಸಿಪಾಲರ ಮಾತನ್ನು ಹೇಳಿದರು. ಜನಕ್ಕೆ ಬಾಗಿಲು ಬಂದ್.

* * *

ಬಾಗಿಲು ಬಂದಾದರೆ ಕುಣಿಯುವವನು ತೋಟಪ್ಪನೇ ಎಂದು ಊರೆಲ್ಲ ಹೇಳುತ್ತಿತ್ತು. ಅವನು ಕಣದಲ್ಲಿ ಕಾಫಿ ಒಣಗಿಸುತ್ತಿದ್ದ ಕಡೆಗೇ ಜವರಯ್ಯ ಹೋದ. ತೋಟಪ್ಪ ದೂರುಗಳನ್ನು ಸಿದ್ಧವಾಗಿಟ್ಟುಕೊಂಡಿದ್ದ. ಕೊನೆ ಕೊಯ್ಲಿನ ಹೊತ್ತಿನಲ್ಲಿ ಶನಿವಾರ ಬಂದರೆ ಹೆಂಗಸರು ಬೇಗ ಬುಟ್ಟಿ ಇಳಿಸುತ್ತಾರೆ. ಚುಕ್ಕಿ ನೋಡಿದರೆ ಹೊಟ್ಟೆ ತುಂಬುತ್ತದೆಯೇ? ಆ ಮಾದೇವಮ್ಮನನ್ನು ಠಾಣೆಗೆ ಎಳೆದೊಯ್ದರೆ ಎಲ್ಲ ಬಾಯಿಬಿಡುತ್ತಾಳೆ.

ಜವರಯ್ಯ ಎಲ್ಲವನ್ನೂ ಕೇಳಿಸಿಕೊಂಡು, ನೀವು ಎರಡು ಸಲ ಒಳಗೆ ಹೋದದ್ದು ಯಾಕೆ ಎಂದ.

ತೋಟಪ್ಪ ಸುತ್ತ ನೋಡಿದ. ಕಾಫಿ ಹರಡುತ್ತಿದ್ದವರು ದೂರದಲ್ಲಿದ್ದರು. ದನಿ ತಗ್ಗಿಸಿದ.

“ಇನ್ನೊಂದ್ ಸಲ ನೋಡಾಕೆ ಕಣ್ರೀ.”

“ಏನು ನೋಡಾಕೆ?”

“ಅದೇ, ಆ ಬೆಳ್ಳಿ ಕುಡುಗೋಲು. ಮೊದಲನೇ ಸಲ ಕಣ್ಣು ಮಿಟುಕಿಸಿಬುಟ್ಟೆ. ಸರಿಯಾಗಿ ಕಾಣ್ಲಿಲ್ಲ.”

ಜವರಯ್ಯನ ಮೀಸೆ ಅಲುಗಿತು. “ಕುಡುಗೋಲು ಅಂದ್ರೆ ಚಂದ್ರನಾ?”

“ಚಂದ್ರ ಇನ್ನೂ ಹುಟ್ಟಿರ್ಲೇ ಇಲ್ಲ ಮಾರಾಯ್ರೇ. ಅದು ಶುಕ್ರಾನೇ. ಮನೇಲಿ ಹೇಳಿದ್ರೆ ಯಾರೂ ನಂಬ್ತಿಲ್ಲ.” ತೋಟಪ್ಪ ಇನ್ನೂ ಹತ್ತಿರ ಬಂದ. “ಲೈನಿನೋರಿಗೆ ಹೇಳ್ಬೇಡಿ. ಸಾವ್ಕಾರನೇ ಸಾಲಿನಾಗೆ ನಿಂತಿದ್ದ ಅಂದ್ರೆ ನಾಳೆಯಿಂದ ಯಾರೂ ನನ್ನ ಮಾತು ಕೇಳಾಕಿಲ್ಲ.”

ಹೇಳುವುದಿಲ್ಲವೆಂದು ಜವರಯ್ಯ ಒಪ್ಪಿಕೊಂಡ. ಬದಲಿಗೆ ಒಂದು ಕೆಲಸ ಹೇಳಿದ. ಮಾದೇವಮ್ಮನ ಮಡಕೆ ಕಂಬಳಿಗಳನ್ನು ತೋಟಪ್ಪನೇ ಹೋಗಿ ಒಳಗಿಡಿಸಬೇಕು. ತಪ್ಪಾಯಿತೆಂದು ಲೈನಿನವರ ಎದುರಿಗೇ ಹೇಳಬೇಕು. ತೋಟಪ್ಪ ಮುಖ ಹುಳ್ಳಗೆ ಮಾಡಿಕೊಂಡರೂ ಹೋದ.

ದಾರಿಯಲ್ಲಿ ಜವರಯ್ಯ ಒಬ್ಬನೇ ಯೋಚಿಸಿದ. ಒಬ್ಬಳಿಗೆ ಮಗುವಿನ ಉಗುರು, ಒಬ್ಬನಿಗೆ ಬೆಳ್ಳಿ ಕುಡುಗೋಲು. ಒಬ್ಬರನ್ನು ಕಂಡರೆ ಇನ್ನೊಬ್ಬರಿಗಾಗದು. ಕೂಡಿ ಮಾತಾಡಿಕೊಂಡಿರಲು ಸಾಧ್ಯವಿಲ್ಲ.

* * *

ಸಿಪ್ರಿಯನ್ನರ ಬಂಗಲೆ ಗುಡ್ಡದ ಬುಡದಲ್ಲಿತ್ತು. ಅವರ ವಿಧವೆ, ಊರವರ ಬಾಯಲ್ಲಿ ಬಾಯಮ್ಮ ಆಗಿದ್ದ ಜೆನೆವಿವ್‌ಬಾಯಿ, ಭಾನುವಾರದ ಪ್ರಾರ್ಥನೆ ಮುಗಿಸಿ ಆರಾಮಕುರ್ಚಿಯಲ್ಲಿ ಕೂತಿದ್ದರು. ಕಾಲು ನೋವಿನಿಂದ ಗುಡ್ಡ ಹತ್ತುವುದನ್ನು ಬಿಟ್ಟು ವರ್ಷಗಳಾಗಿದ್ದವು. ಜಮಾದಾರನನ್ನು ಬರಿಹೊಟ್ಟೆಯಲ್ಲಿ ಮಾತಾಡಿಸುವುದು ಅವರ ಪದ್ಧತಿಯಲ್ಲ. ನೀರುದೋಸೆ, ಕೋಳಿ ಸಾರು ಬಂತು.

ತಿನ್ನುತ್ತ ಜವರಯ್ಯ ಗೋಡೆಗಳನ್ನು ನೋಡಿದ. ಎಲ್ಲಿ ನೋಡಿದರೂ ಗಡಿಯಾರ. ಲೋಲಕದವು, ಹಕ್ಕಿ ಕೂಗುವವು, ಮೇಜಿನ ಮೇಲಿನವು. ಸಿಪ್ರಿಯನ್ನರಿಗೆ ಗಡಿಯಾರದ ಹುಚ್ಚು. ಟಿಕ್ ಟಿಕ್ ಸದ್ದಿನಿಂದ ಕೋಣೆಯೇ ಉಸಿರಾಡುತ್ತಿದ್ದಂತೆ ಇತ್ತು. ಇಷ್ಟು ಗಡಿಯಾರವಿರುವ ಮನೆಗೆ ಇನ್ನೊಂದು ಬೇಕೇ ಎಂದು ಜವರಯ್ಯನಿಗೆ ಅನಿಸಿತು. ಆದರೆ ಈ ಮುದುಕಿ ಗುಡ್ಡ ಹತ್ತಲಾರರು.

ಬಾಯಮ್ಮ ಒಂದಾದ ಮೇಲೊಂದು ಕಷ್ಟ ಹೇಳಿಕೊಂಡರು. ಅಡಿಗೆಯವಳು ಕಾಲಕ್ಕೆ ಸರಿಯಾಗಿ ಬರುವುದಿಲ್ಲ. ಹಿತ್ತಲ ಬಾವಿಯ ರಾಟೆ ಕಿರುಗುಟ್ಟುತ್ತದೆ. ಸಾಲದ್ದಕ್ಕೆ ಬೀರುವಿಗೆ ಹುಳ ಬಿದ್ದಿದೆ, ನಿನ್ನೆ ರಾತ್ರಿಯೆಲ್ಲ ಕಿಟಿಕಿಟಿ ಕೊರೆದು ನಿದ್ದೆ ಕೊಡಲಿಲ್ಲ. ಆಮೇಲೆ ಚುಕ್ಕಿಮನೆಯ ಮಾತು ಬಂತು.

“ಬಾಗಿಲು ಹಾಕಿಬಿಟ್ರೆ ಗುಡ್ಡ ವಾಪಸ್ ನಮ್ಮ ಮನೆಗೇ ಬರ್ತದೆ. ನಮ್ಮವರು ಹಾಗೆಯೇ ಬರೆಸಿದ್ದುಂಟು, ಕಾಲೇಜಿನವರು ಮಾತು ತಪ್ಪಬಾರದು ಅಂತ. ವಾಪಸ್ ಬಂದು ನನಗೆ ಆಗಬೇಕಾದ್ದೇನು? ಶನಿವಾರ ಜನ ಮಾತಾಡ್ತಾ ಹತ್ತಿ ಹೋಗೋದು ಇಲ್ಲಿಗೆ ಕೇಳ್ತದೆ. ಅದೊಂದು ಸಾಕು.”

ಅಷ್ಟರಲ್ಲಿ ಆಲ್ಬರ್ಟ್ ಬಂದ. ಸಿಪ್ರಿಯನ್ನರ ಅಣ್ಣನ ಮಗ. ತಂದೆತಾಯಿ ಇಲ್ಲದ ಅವನನ್ನು ಬಾಯಮ್ಮನೇ ಸಾಕಿ ಬೆಳೆಸಿದ್ದರು. ಈಗ ತೋಟದ ಉಸ್ತುವಾರಿ ಅವನದೇ. ಬಿಳಿ ಕೋಟು, ಎಲ್ಲರಿಗೂ ಬೇಕಾದ ನಗುಮುಖ. ಶನಿವಾರ ಚುಕ್ಕಿಮನೆಗೆ ಬಂದವರಿಗೆ ಹಿತ್ತಲ ಅಂಗಳದಲ್ಲಿ ಕಾಫಿ ಕೊಡಿಸುವುದು ಅವನ ಕಟ್ಟಳೆ. ಚಿಕ್ಕಪ್ಪನ ಕನಸಿನ ಬಗ್ಗೆ ಅವನು ಚೆನ್ನಾಗಿ ಮಾತಾಡಿದ. ಕಳ್ಳ ಸಿಗಲೇಬೇಕೆಂದ. ಸಾಲಿನಲ್ಲಿ ಮೊದಲನೆಯವನೇ ತಾನು ನೋಡಿದ್ದಾಗಿಯೂ, ಕಾಫಿಗೆ ಸಕ್ಕರೆ ಸಾಲದೆಂದು ಕೂಡಲೇ ಗಾಡಿ ಹೊಡೆದುಕೊಂಡು ಮನೆಗೆ ಬಂದದ್ದಾಗಿಯೂ ಹೇಳಿದ. ಸಕ್ಕರೆಯನ್ನು ಆಳಿನ ಕೈಲಿ ಕಳಿಸಿ ಅವನು ಮನೆಯಲ್ಲೇ ಉಳಿದಿದ್ದ.

ಜವರಯ್ಯ ಕೈ ತೊಳೆಯುತ್ತ ಕೇಳಿದ. “ನಾನಂತೂ ನೋಡಿದವನಲ್ಲ. ಹೆಂಗಿತ್ತು ಸ್ವಾಮಿ ಶುಕ್ರ?”

“ಅದನ್ನು ಮಾತಲ್ಲಿ ಹೇಳೋದು ಕಷ್ಟ ಜಮಾದಾರ್ರೇ. ದುಂಡಗೆ, ವಜ್ರದ ಮೂಗುಬೊಟ್ಟಿನ ಹಾಗೆ. ಸುತ್ತಲೂ ಕಿರಣ.”

ಚೆನ್ನಾಗಿ ಹೇಳಿದಿರಿ ಎಂದ ಜವರಯ್ಯ.

* * *

ಸೂರ್ಯ ಇಳಿಯುವ ಹೊತ್ತಿಗೆ ಅವನು ಮತ್ತೆ ಗುಡ್ಡದ ಮೇಲಿದ್ದ. ರಾಯರಿಗೆ ಒಂದೇ ಪ್ರಶ್ನೆ ಹಾಕಿದ. ರಾಯರು ಅಷ್ಟೇ ಚಿಕ್ಕದಾಗಿ ಉತ್ತರ ಕೊಟ್ಟರು. ಪಿಯೂಸನೂ ಹೌದೆಂದು ತಲೆಯಾಡಿಸಿದ. ಪಶ್ಚಿಮದಲ್ಲಿ ಶುಕ್ರ ಹೊಳೆಯತೊಡಗಿತ್ತು. ಬಂದಿದ್ದೀರಿ, ಒಮ್ಮೆ ನೋಡಿಹೋಗಿ ಎಂದರು ರಾಯರು. ಜವರಯ್ಯ ಬೇಡವೆಂದ.

ಇಳಿಯುವಾಗ ಅವನ ಬಾಯಲ್ಲಿ ಪದ ಇರಲಿಲ್ಲ. ಕಳ್ಳ ಯಾರೆಂದು ತಿಳಿದಿತ್ತು. ಗಡಿಯಾರ ಎಲ್ಲಿದೆಯೆಂದೂ ಹೆಚ್ಚುಕಡಿಮೆ ತಿಳಿದಿತ್ತು. ತನಗೆ ಊಟ ಹಾಕಿದ ಮುದುಕಿಯ ಮನೆಯಲ್ಲೇ ಅದನ್ನು ಹೊರಗೆಳೆಯಬೇಕಲ್ಲ ಎಂಬುದು ಅವನ ಸಂಕಟ. ಒಂದು ಕ್ಷಣ, ಆಲ್ಬರ್ಟನನ್ನು ಗುಟ್ಟಾಗಿ ಕರೆದು ಗಡಿಯಾರ ಇಸಿದುಕೊಂಡು ಸುಮ್ಮನಾಗಿಬಿಡೋಣ ಅನ್ನಿಸಿತು. ಆಗ ಮಾದೇವಮ್ಮನ ಅಂಗಳದ ಮಡಕೆಗಳು ಕಣ್ಣಮುಂದೆ ಬಂದವು. ಕಳ್ಳ ಯಾರೆಂದು ಊರಿಗೆ ತಿಳಿಯದಿದ್ದರೆ ಅವಳ ಮೇಲಿನ ಅನುಮಾನ ಲೈನಿನಲ್ಲಿ ಎಂದಿಗೂ ಸಾಯುವುದಿಲ್ಲ.

* * *

ಸೋಮವಾರ ಬೆಳಗ್ಗೆ ಎಲ್ಲರೂ ಬಾಯಮ್ಮನ ಹಜಾರದಲ್ಲಿ ಸೇರಿದರು. ರಾಯರು, ಪಿಯೂಸ್, ತೋಟಪ್ಪ, ಮಾದೇವಮ್ಮ. ಆಲ್ಬರ್ಟ್ ಎಲ್ಲರಿಗೂ ಕುರ್ಚಿ ಹಾಕಿಸಿದ. ಮಾದೇವಮ್ಮ ಕೂರಲು ಹಿಂಜರಿದಾಗ ಬಾಯಮ್ಮ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

“ಬಾಯಮ್ಮ, ಒಂದು ಅಪ್ಪಣೆ ಬೇಕು,” ಎಂದ ಜವರಯ್ಯ. “ಈ ಗಡಿಯಾರನೆಲ್ಲ ಒಂದು ಗಳಿಗೆ ನಿಲ್ಲಿಸ್ಬೇಕು.”

ಬಾಯಮ್ಮ ಗಾಬರಿಯಾದರು. ಗಂಡ ಸತ್ತ ದಿನವೂ ಅವನ್ನು ನಿಲ್ಲಿಸಿರಲಿಲ್ಲ. ಆದರೂ ಆಗಲಿ ಎಂದು ತಲೆಯಾಡಿಸಿದರು. ಪಿಯೂಸ್ ಗೋಡೆಯಿಂದ ಗೋಡೆಗೆ ಹೋಗಿ ಲೋಲಕಗಳನ್ನು ಒಂದೊಂದಾಗಿ ಹಿಡಿದು ನಿಲ್ಲಿಸಿದ. ಹಕ್ಕಿಯ ಗಡಿಯಾರ ನಿಂತಿತು. ಮೇಜಿನ ಮೇಲಿನದು ನಿಂತಿತು. ಸದ್ದು ತೆಳುವಾಗುತ್ತ ಬಂತು. ಕೊನೆಯ ಲೋಲಕವೂ ಸುಮ್ಮನಾಯಿತು.

ಮನೆ ಮೌನವಾಗಲಿಲ್ಲ. ಎಲ್ಲೋ ಒಂದು ಸಣ್ಣ ಸದ್ದು ಓಡುತ್ತಲೇ ಇತ್ತು. ಚುರುಕಾಗಿ, ಬಿಡುವಿಲ್ಲದೆ.

“ಅದೇ ಹುಳ,” ಎಂದರು ಬಾಯಮ್ಮ.

ಪಿಯೂಸನ ಮುಖ ಅರಳಿತು. ಅವನು ಹುಳವೆಂದುಕೊಳ್ಳಲಿಲ್ಲ. ಯೇಸುವಿನ ಪಟದ ಕೆಳಗಿದ್ದ ಹಳೆಯ ತೇಗದ ಬೀರುವಿಗೆ ಕಿವಿಯಿಟ್ಟು ನಿಂತ. ಅದರ ಬೀಗದ ಕೈ ಪಟದ ಮೊಳೆಗೇ ತೂಗುತ್ತಿತ್ತು. ಸಿಪ್ರಿಯನ್ನರ ಬಟ್ಟೆಗಳಿದ್ದ ಬೀರು ಅದು. ಅವರು ಹೋದ ಮೇಲೆ ಬಾಯಮ್ಮ ಅದನ್ನು ತೆರೆದವರಲ್ಲ. ಈಗ ಅವರೇ ಎದ್ದು ಬಂದು ತೆರೆದರು. ಕೋಟುಗಳ ನಡುವೆ, ಉಣ್ಣೆಯ ಮೇಲಂಗಿಯೊಂದರಲ್ಲಿ ಸುತ್ತಿದ ಹಿತ್ತಾಳೆಯ ಗಡಿಯಾರ.

ಜವರಯ್ಯ ಜೇಬಿನಿಂದ ಚಾವಿ ತೆಗೆದುಕೊಟ್ಟ. ಪಿಯೂಸ್ ಅಲ್ಲೇ ನೆಲದ ಮೇಲೆ ಕೂತು ಕೀಲಿ ಕೊಟ್ಟ. ಗಡಿಯಾರ ನಿಂತಿರಲಿಲ್ಲ. ರಾಯರು ಕನ್ನಡಕ ತೆಗೆದು ಒರೆಸಿಕೊಂಡರು.

ಬಾಯಮ್ಮ ಮೇಲಂಗಿಯನ್ನು ಕೈಯಲ್ಲಿ ಹಿಡಿದೇ ನಿಂತಿದ್ದರು. ಇಲ್ಲಿಗೆ ಯಾರು ತಂದಿಟ್ಟರು ಎಂದು ಕೇಳಿದರು. ಆಳುಕಾಳು ಓಡಾಡುವ ಮನೆ, ಯಾರಾದರೂ ಇಟ್ಟಿರಬಹುದು ಎಂದ ಆಲ್ಬರ್ಟ್. ನಗು ಇನ್ನೂ ಇತ್ತು, ಆದರೆ ಬಾಡಿತ್ತು.

ಜವರಯ್ಯ ಕುರ್ಚಿಯ ಮೇಲೆ ಕೈಯೂರಿ, ತಾನು ಯೋಚಿಸಿದ್ದನ್ನು ಒಂದೊಂದಾಗಿ ಬಿಡಿಸಿ ಹೇಳಿದ. ಗಡಿಯಾರ ಸದ್ದು ಮಾಡುತ್ತದೆ. ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಗುಮ್ಮಟಕ್ಕೆ ಹತ್ತಿದರೆ ರಾಯರ ಕಿವಿಗೆ ಬಿದ್ದೇ ಬೀಳುತ್ತದೆ. ಹಾಗಾಗಿ ಕಳ್ಳ ಮೇಲೆ ಹೋಗಲಿಲ್ಲ. ಕತ್ತಲ ಸಾಲಿನಿಂದ ಪಕ್ಕದ ಕೋಣೆಗೆ ಜಾರಿ, ಬಂದ ಬಾಗಿಲಿನಿಂದಲೇ ಹೊರಗೆ ಹೋದ. ಅಂದರೆ ಅವತ್ತು ಬಂದವರಲ್ಲಿ ಶುಕ್ರನನ್ನು ನೋಡದವನೇ ಕಳ್ಳ. ಮಾದೇವಮ್ಮ ನೋಡಿದ್ದಾಳೆ. ತೋಟಪ್ಪ ಸಾವ್ಕಾರರೂ ನೋಡಿದ್ದಾರೆ.

ತೋಟಪ್ಪ ಕೆಮ್ಮಿದ. ಮಾದೇವಮ್ಮ ಅವನತ್ತ ತಿರುಗಿ ನೋಡಿದಳು.

“ನಾನೂ ನೋಡಿದ್ದೇನೆ,” ಎಂದ ಆಲ್ಬರ್ಟ್. “ನಿಮಗೇ ಹೇಳಿದೆನಲ್ಲ.”

“ಹೇಳಿದ್ರಿ ಸ್ವಾಮಿ. ದುಂಡಗೆ ಇತ್ತು ಅಂದ್ರಿ.” ಜವರಯ್ಯ ರಾಯರ ಕಡೆ ನೋಡಿದ. “ನೀವೇ ಹೇಳ್ಬುಡಿ ರಾಯರೇ.”

ರಾಯರು ಹೇಳಿದರು. ಶುಕ್ರನಿಗೂ ಚಂದ್ರನ ಹಾಗೆ ವೃದ್ಧಿಕ್ಷಯಗಳಿವೆ. ಬರಿಗಣ್ಣಿಗೆ ಅದು ಬೆಳಗುವ ಚುಕ್ಕಿ. ದೂರದರ್ಶಕದಲ್ಲಿ ಈ ತಿಂಗಳು ಅದು ಬಿದಿಗೆಯ ಚಂದ್ರನಂತೆ ತೆಳ್ಳಗಿನ ಕೊಂಬು. ಕಣ್ಣಿಟ್ಟ ಯಾರಿಗೂ ಅದು ದುಂಡಗೆ ಕಾಣಲು ಸಾಧ್ಯವಿಲ್ಲ. ಭಾನುವಾರ ಸಂಜೆ ಜಮಾದಾರರು ಕೇಳಿದ್ದೂ ಅದನ್ನೇ.

“ಅವತ್ತು ಹಿತ್ತಲಂಗಳದಾಗೆ ಎಲ್ರೂ ಅದೇ ಮಾತಾಡ್ಕಂಡ್ರಂತೆ,” ಎಂದ ಜವರಯ್ಯ. “ನೀವು ಅಲ್ಲಿ ಇದ್ದಿದ್ರೆ ನಿಮ್ಮ ಕಿವಿಗೂ ಬೀಳ್ತಿತ್ತು. ನೀವು ಗಡಿಯಾರ ತಗಂಡು ಗಾಡಿ ಹೊಡೆದ್ಬುಟ್ಟಿದ್ರಿ. ಇಷ್ಟು ಗಡಿಯಾರದ ಮಧ್ಯೆ ಇನ್ನೊಂದು ಸದ್ದು ಯಾರಿಗೆ ಗೊತ್ತಾಗ್ತದೆ ಅಂದ್ಕಂಡ್ರಿ. ಬಾಯಮ್ಮನ ಕಿವಿ ಚುರುಕು.”

ಆಲ್ಬರ್ಟ್ ಕುರ್ಚಿಗೆ ಒರಗಿದ. ಸ್ವಲ್ಪ ಹೊತ್ತು ಕಿಟಕಿಯಾಚೆ ಗುಡ್ಡ ನೋಡಿದ. ಆಮೇಲೆ ಒಪ್ಪಿಕೊಂಡ. ಗುಡ್ಡದ ಪೂರ್ವದ ಇಳಿಜಾರಿನಲ್ಲಿ ಒಳ್ಳೆಯ ಮಣ್ಣಿತ್ತು, ಬೇಸಿಗೆಯಲ್ಲೂ ಬತ್ತದ ಒರತೆಯಿತ್ತು. ಅಲ್ಲಿ ಹೊಸ ಕಾಫಿ ತೋಟ ಹಾಕಬೇಕೆಂದು ಅವನಿಗೆ ಬಹಳ ದಿನದ ಆಸೆ. ಜನಕ್ಕೆ ಬಾಗಿಲು ಮುಚ್ಚಿದರೆ ಗುಡ್ಡ ಮನೆಗೆ ಬರುತ್ತದೆ. ಬಂದ ಮೇಲೆ ಗಡಿಯಾರ ಎಲ್ಲೋ ಸಿಕ್ಕಿತೆಂದು ಕಾಲೇಜಿಗೆ ಹಿಂತಿರುಗಿಸುವವನಿದ್ದ. ಅದನ್ನು ಕಳ್ಳತನವೆಂದು ಅವನು ಎಣಿಸಿರಲಿಲ್ಲ. ಮಾದೇವಮ್ಮನ ಮನೆ ಜಾಲಾಡಿದ್ದು ಕೇಳಿದಾಗ ಮಾತ್ರ ಊಟ ಸೇರಲಿಲ್ಲವಂತೆ. ಆದರೂ ಬಾಯಿ ಬಿಡಲಿಲ್ಲ.

ಬಾಯಮ್ಮ ಮೇಲಂಗಿಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು.

“ಇಷ್ಟು ವರ್ಷ ಪ್ರತಿ ಶನಿವಾರ ಹೋದೆ, ಪುತಾ,” ಎಂದರು ಕೊನೆಗೆ. “ಒಂದು ದಿನವೂ ಮೇಲೆ ಹತ್ತಿ ನೋಡಲಿಲ್ವಾ?”

ಆಲ್ಬರ್ಟ್ ತಲೆ ತಗ್ಗಿಸಿದ. ಕಾಫಿ ಕೊಡುವ ಗಡಿಬಿಡಿಯಲ್ಲಿ ಆಗಲೇ ಇಲ್ಲ ಎಂದ.

* * *

ಜವರಯ್ಯ ಅವನಿಗೆ ಬೇಡಿ ಹಾಕಲಿಲ್ಲ. ಇಬ್ಬರೂ ಒಂದೇ ಗಾಡಿಯಲ್ಲಿ ಸಕಲೇಶಪುರಕ್ಕೆ ಹೋದರು. ಗಡಿಯಾರ ಕೆಡದೆ ಸಿಕ್ಕಿತ್ತು, ರಾಯರೂ ದಯೆ ತೋರಬೇಕೆಂದು ಕೋರಿದರು. ಆಲ್ಬರ್ಟನಿಗೆ ಕೆಲವೇ ವಾರಗಳ ಸಜೆಯಾಯಿತು. ಹಾಸನದ ಜೈಲಿಗೆ ಬಾಯಮ್ಮನ ಬುತ್ತಿ ತಪ್ಪದೆ ಹೋಗುತ್ತಿತ್ತು. ಆದರೆ ದಾನದ ಷರತ್ತನ್ನು ಅವರು ತಿದ್ದಿಸಿದರು. ಜನಕ್ಕೆ ಬಾಗಿಲು ಮುಚ್ಚಿದರೆ ಗುಡ್ಡ ಇನ್ನು ಮನೆಗೆ ಬರುವುದಿಲ್ಲ, ಸುತ್ತಿನ ಹಳ್ಳಿಗಳ ದನ ಮೇಯುವ ಗೋಮಾಳವಾಗುತ್ತದೆ. ಲೈನಿನಲ್ಲಿ ಮಾದೇವಮ್ಮನ ಮಾತಿಗೆ ಮೊದಲಿಗಿಂತ ತೂಕ ಬಂತು. ತೋಟಪ್ಪ ಶನಿವಾರ ಕೆಲಸ ಬಿಡುವ ಗಂಟೆಯನ್ನು ತಾನೇ ಬೇಗ ಹೊಡೆಸತೊಡಗಿದ. ಕಾರಣ ಹೇಳಲಿಲ್ಲ.

ಪ್ರಿನ್ಸಿಪಾಲರು ಬಂದದ್ದು ಗಡಿಯಾರ ಪೆಟ್ಟಿಗೆಗೆ ಮರಳಿದ ಮೇಲೆ. ಎತ್ತರದ ಮನುಷ್ಯ, ಕಪ್ಪು ಕೋಟು, ಗಟ್ಟಿ ಮುಖ. ನಡೆದದ್ದನ್ನೆಲ್ಲ ಕೇಳಿದರು. ಗಡಿಯಾರದ ಕೋಣೆಗೆ ಬೀಗ ಹಾಕಿಸಿದರು. ಆದರೂ ಜನ ಬೇಡ ಎಂಬ ಮಾತು ಅವರ ನಾಲಿಗೆಯ ತುದಿಯಲ್ಲೇ ಇತ್ತು. ಶನಿವಾರದ ಗಲಾಟೆಯನ್ನು ಕಣ್ಣಾರೆ ಕಂಡು, ಭಾನುವಾರ ಬೆಳಗ್ಗೆ ಹೊರಟು, ಕಾಲೇಜಿನಲ್ಲಿ ತೀರ್ಮಾನ ಹೇಳುವುದೆಂದು ನಿರ್ಧರಿಸಿದರು.

ಶನಿವಾರ ಸಂಜೆ ಅವರು ನೇರವಾಗಿ ಮೆಟ್ಟಿಲ ಕಡೆ ನಡೆದರು. ಮಂಕುದೀಪದ ಕತ್ತಲಲ್ಲಿ ಒಂದು ಕೈ ಅಡ್ಡ ಬಂತು.

“ಸಾಲಿನಾಗೆ ಬನ್ನಿ ಸ್ವಾಮಿ,” ಎಂದಳು ಮಾದೇವಮ್ಮ. “ಎಲ್ರೂ ಕಾಯ್ತಾ ಅವ್ರೆ.”

ಅವರು ಯಾರೆಂದು ಅವಳಿಗೆ ತಿಳಿಯದು. ತಿಳಿದಿದ್ದ ಪಿಯೂಸ್ ಮೇಲಿದ್ದ. ಪ್ರಿನ್ಸಿಪಾಲರು ಹಿಂದೆ ನಿಂತ ಜನರನ್ನು ನೋಡಿದರು. ಸಾಲಿನ ಕೊನೆ ಅಂಗಳದಾಚೆಗಿತ್ತು. ಅಲ್ಲಿ ಹೋಗಿ ನಿಂತರು. ಅವರ ಮುಂದೆ ಜವರಯ್ಯ, ಅವನ ಮುಂದೆ ಯಸಳೂರಿನಿಂದ ನಡೆದು ಬಂದ ಒಂದು ಕುಟುಂಬ. ಇಳಿದು ಬಂದವರ ನಗು, ಬೆರಗು ಹಿತ್ತಲ ಕಡೆಯಿಂದ ಕೇಳಿಬರುತ್ತಿತ್ತು. ಏನು ಕಾಣುತ್ತದೆಂದು ಪ್ರಿನ್ಸಿಪಾಲರು ಕತ್ತು ಉದ್ದ ಮಾಡಿದರು. ಕಾಲು ಬದಲಿಸಿದರು. ಜವರಯ್ಯನಿಗೆ ಬೇಗ ನಡೆಯಿರಿ ಎಂದೂ ಒಮ್ಮೆ ಹೇಳಿದರು.

ಜವರಯ್ಯ ಕಣ್ಣಿಟ್ಟು ನೋಡಿದ. ನೋಡಿ, ಒಮ್ಮೆ ದೀರ್ಘವಾಗಿ ಉಸಿರು ಬಿಟ್ಟು ಪಕ್ಕಕ್ಕೆ ಸರಿದ. ಪ್ರಿನ್ಸಿಪಾಲರು ಬಾಗಿದರು. ಕಪ್ಪು ಬಿಟ್ಟು ಏನೂ ಕಾಣಲಿಲ್ಲ. ಶುಕ್ರ ಆ ಕ್ಷಣಕ್ಕೆ ಪಶ್ಚಿಮದ ಬೆಟ್ಟದ ಹಿಂದೆ ಇಳಿದಿತ್ತು.

ಭಾನುವಾರ ಬೆಳಗ್ಗೆ ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಪ್ರಿನ್ಸಿಪಾಲರು ಅದನ್ನು ವಾಪಸ್ ಕಳಿಸಿದರು. ತನಿಖೆ ಇನ್ನೂ ಮುಗಿದಿಲ್ಲ, ಇನ್ನೊಂದು ಸಂಜೆ ಬೇಕು ಎಂದರು.